ಜೀವಂತ ಮೀನು ಸಾಗಣೆ: ಕಡಿಮೆ ಖರ್ಚಿನಲ್ಲಿ ಹೆಚ್ಚು ಮೀನು ಬದುಕಿಸಿ ಇಳಿಸುವುದು ಹೇಗೆ?

ಮಳೆ ಹಿಡಿಯಿತು ಅಂದರೆ ನನಗೆ ಒಂದೇ ಥರದ ಪ್ರಶ್ನೆ ಬರಲು ಶುರುವಾಗುತ್ತದೆ. "ಎರಡು ಸಾವಿರ ಮರಿ ತಂದು ಹೊಂಡಕ್ಕೆ ಬಿಟ್ಟೆ. ಮೂರನೇ ದಿನಕ್ಕೆ ಅರ್ಧಕ್ಕರ್ಧ ತೇಲಿದವು. ಮರಿಯೇ ಸರಿ ಇರಲಿಲ್ವಾ?" ಬೇಸಿಗೆಯಲ್ಲಿ ಹೊಂಡ ಖಾಲಿ ಮಾಡುವ ಹೊತ್ತಿಗೆ ಇನ್ನೊಂದು ಪ್ರಶ್ನೆ. "ಮೀನನ್ನು ಜೀವಂತ ಒಯ್ದರೆ ಕೆ.ಜಿ.ಗೆ ಜಾಸ್ತಿ ಸಿಗುತ್ತೆ ಅಂತಾರೆ. ಟ್ಯಾಂಕು, ಸಿಲಿಂಡರ್ ಅಂತ ದುಡ್ಡು ಹಾಕಿದರೆ ಅಸಲು ಹುಟ್ಟುತ್ತಾ?"

ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ತೋಟದ ಪಕ್ಕದ ಕೃಷಿ ಹೊಂಡದಲ್ಲೋ ಚಿಕ್ಕ ಕೆರೆಯಲ್ಲೋ ಮೀನು ಸಾಕುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಇದು. ನಾನೂ ಅವರಲ್ಲಿ ಒಬ್ಬ.

ಮೊದಲು ಲೆಕ್ಕ

ನಮ್ಮಲ್ಲಿ ಹೆಚ್ಚಿನವರು ಮರಿಯ ದರ ಕೇಳುತ್ತೇವೆ, ಗಾಡಿ ಬಾಡಿಗೆ ಕೇಳುತ್ತೇವೆ, ಎರಡನ್ನೂ ಚೌಕಾಸಿ ಮಾಡುತ್ತೇವೆ. ಅಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ನಿಮಗೆ ದುಡ್ಡು ತಂದುಕೊಡುವುದು ಮೂರು ದಿನ ಕಳೆದ ಮೇಲೂ ಹೊಂಡದಲ್ಲಿ ಈಜುತ್ತಿರುವ ಮರಿ ಮಾತ್ರ. ಹಾಗಾಗಿ ಒಟ್ಟು ಖರ್ಚನ್ನು ತಂದ ಮರಿಯಿಂದ ಭಾಗಿಸಬೇಡಿ. ಬದುಕಿದ ಮರಿಯಿಂದ ಭಾಗಿಸಿ.

ಒಂದು ಉದಾಹರಣೆ ನೋಡೋಣ. ದರಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಅರ್ಧ ಎಕರೆ ಹೊಂಡಕ್ಕೆ 5 ಸೆಂ.ಮೀ. ಉದ್ದದ 2,000 ಮರಿ ಬೇಕು. ಮರಿಗೆ 2 ರೂಪಾಯಿ, ಗಾಡಿಗೆ 2,000 ರೂಪಾಯಿ. ತೆರೆದ ಡ್ರಮ್ಮಿನಲ್ಲಿ ತಂದರೆ ಒಟ್ಟು 6,000 ಖರ್ಚು. ನೂರಕ್ಕೆ ಅರವತ್ತು ಬದುಕಿದವು ಅಂತ ಇಟ್ಟುಕೊಳ್ಳಿ. ಅಂದರೆ 1,200 ಮರಿ. ಒಂದಕ್ಕೆ 5 ರೂಪಾಯಿ ಬಿತ್ತು.

ಅದೇ ಮರಿಯನ್ನು ಆಕ್ಸಿಜನ್ ತುಂಬಿದ ಚೀಲದಲ್ಲಿ ತಂದಿರಿ. ಎಂಟು ಚೀಲ, ಚೀಲಕ್ಕೆ ಎಲ್ಲ ಸೇರಿ 60 ರೂಪಾಯಿ, ಒಟ್ಟು 480. ಖರ್ಚು 6,480 ಆಯಿತು. ನೂರಕ್ಕೆ ತೊಂಬತ್ತೈದು ಬದುಕಿದರೆ 1,900 ಮರಿ. ಒಂದಕ್ಕೆ 3 ರೂಪಾಯಿ 41 ಪೈಸೆ. ಇನ್ನೊಂದು ರೀತಿಯಲ್ಲೂ ನೋಡಿ. ಚೀಲಕ್ಕೆ ಹಾಕಿದ 480 ರೂಪಾಯಿ ವಾಪಸ್ ಬರಲು ಡ್ರಮ್ಮಿಗಿಂತ ಬರೀ 96 ಮರಿ ಹೆಚ್ಚು ಬದುಕಿದರೆ ಸಾಕು. ಉಳಿದದ್ದೆಲ್ಲ ಲಾಭ.

ಬೆಳೆದ ಮೀನಿನ ಲೆಕ್ಕ ಇಷ್ಟು ಸುಲಭ ಇಲ್ಲ. ಅದನ್ನು ಕೊನೆಯ ಹಂತಗಳಲ್ಲಿ ಬಿಡಿಸಿ ಹೇಳುತ್ತೇನೆ.

ನೀರಲ್ಲಿ ಇರುವುದು ಎಷ್ಟು ಉಸಿರು?

ಇದೊಂದು ಅರ್ಥವಾದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ನಮ್ಮ ಎತ್ತರದಲ್ಲಿ, 25 ಡಿಗ್ರಿ ಬಿಸಿ ಇರುವ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಕ್ಸಿಜನ್ ಎಂಟು ಮಿಲಿಗ್ರಾಂಗೂ ಸ್ವಲ್ಪ ಕಡಿಮೆ. ಅಂದರೆ 400 ಲೀಟರ್ ಟ್ಯಾಂಕಿನಲ್ಲಿ ಇರುವುದು ಸುಮಾರು 3 ಗ್ರಾಂ. ಅಷ್ಟನ್ನೂ ಮೀನು ಬಳಸಿಕೊಳ್ಳಲು ಆಗುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿದರೆ ಗೆಂಡೆ ಜಾತಿಯ ಮೀನುಗಳು ಒದ್ದಾಡಲು ಶುರುಮಾಡುತ್ತವೆ. ಹಾಗಾಗಿ ಕೈಗೆ ಸಿಗುವುದು ಎರಡು ಗ್ರಾಂಗಿಂತ ಕಡಿಮೆ.

ಈಗ ಅದಕ್ಕೆ 100 ಕೆ.ಜಿ. ಮೀನು ಹಾಕಿ. ಬಲೆಯಲ್ಲಿ ಎಳೆದು, ಹೆದರಿಸಿ ತಂದ ಮೀನು ಕೆ.ಜಿ.ಗೆ ಗಂಟೆಗೆ 400 ಮಿಲಿಗ್ರಾಂ ಆಕ್ಸಿಜನ್ ಎಳೆಯುತ್ತದೆ ಅಂತ ಹಿಡಿದರೆ, ನೂರು ಕೆ.ಜಿ.ಗೆ ಗಂಟೆಗೆ 40 ಗ್ರಾಂ ಬೇಕು. ಟ್ಯಾಂಕಿನಲ್ಲಿ ಇರುವುದು ಎರಡು ಗ್ರಾಂ. ಮೂರು ನಿಮಿಷಕ್ಕೆ ಮುಗಿಯಿತು! ಗಾಡಿ ನಿಮ್ಮ ತೋಟದ ಉಣುಗೋಲು ದಾಟುವ ಮೊದಲೇ ಮೀನು ಮೇಲೆ ಬಂದು ಬಾಯಿ ಬಿಡಲು ಶುರುಮಾಡುವುದು ಇದಕ್ಕೇ. "ನೀರು ಜಾಸ್ತಿ ಹಾಕಿದ್ದೆನಲ್ಲ" ಅನ್ನುವವರು ಈ ಲೆಕ್ಕ ನೋಡಿ. ನೀರು ಎರಡರಷ್ಟು ಮಾಡಿದರೂ ಸಿಗುವುದು ಆರು ನಿಮಿಷ.

ಇನ್ನೂ ಎರಡು ಶತ್ರುಗಳಿವೆ. ಮೀನು ಉಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುತ್ತದೆ. ಹೊಟ್ಟೆಯಲ್ಲಿ ಮೇವಿದ್ದರೆ ಹಿಕ್ಕೆಯೂ ಅಮೋನಿಯಾ ಅನ್ನುವ ವಿಷವೂ ಸೇರುತ್ತವೆ. ನೀರು ಬಿಸಿಯಾದಷ್ಟೂ ಮೂರೂ ಕಾಟ ಒಟ್ಟಿಗೇ ಹೆಚ್ಚುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಮೀನಿನ ಉಸಿರಾಟ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದೇ ಹೊತ್ತಿಗೆ ನೀರು ಹಿಡಿದುಕೊಳ್ಳುವ ಆಕ್ಸಿಜನ್ ಇಳಿಯುತ್ತದೆ.

ಏನೇನು ಬೇಕು?

ಮರಿ ತರಲು: ಒಳ್ಳೆಯ ಪಾಲಿಥಿನ್ ಚೀಲ, ರಬ್ಬರ್ ಬ್ಯಾಂಡ್, ರಟ್ಟಿನ ಅಥವಾ ಥರ್ಮಾಕೋಲ್ ಪೆಟ್ಟಿಗೆ, ಕಲ್ಲುಪ್ಪು, ಒಂದು ಹಾಪಾ. ಹಾಪಾ ಅಂದರೆ ಸೊಳ್ಳೆಪರದೆಯಂಥ ಬಲೆಯನ್ನು ತಲೆಕೆಳಗು ಮಾಡಿ, ನಾಲ್ಕು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ತೊಟ್ಟಿ. ಮರಿ ಕೇಂದ್ರದಲ್ಲಿ ಆಕ್ಸಿಜನ್ ತುಂಬಿ ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಚೀಲ ನೀವೇ ಒಯ್ಯಬೇಕಾಗಬಹುದು.

ಬೆಳೆದ ಮೀನಿಗೆ: 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್, ಆಕ್ಸಿಜನ್ ಸಿಲಿಂಡರ್, ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಅಂತ ತೋರಿಸುವ ರೆಗ್ಯುಲೇಟರ್, ಸಣ್ಣ ಗುಳ್ಳೆ ಬಿಡುವ ರಂಧ್ರದ ಪೈಪು, ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪು, ಟಾರ್ಪಾಲು. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ, ಚಿಕ್ಕದರಲ್ಲಿ 1,500. ದೊಡ್ಡದನ್ನೇ ತೆಗೆದುಕೊಳ್ಳಿ. ಚಿಕ್ಕದು ಒಂದು ಟ್ರಿಪ್ಪಿಗೆ ಖಾಲಿಯಾಗುತ್ತದೆ, ತುಂಬಿಸಲು ಓಡಾಡುವುದೇ ಕೆಲಸ ಆಗುತ್ತದೆ.

ಹಂತ 1: ಪಾತ್ರೆಯ ಪೂರ್ವಾಪರ ನೋಡಿ

ಇದನ್ನು ಮೊದಲ ಹಂತವಾಗಿ ಇಟ್ಟಿದ್ದಕ್ಕೆ ಕಾರಣ ಇದೆ. ನಮ್ಮ ಮನೆಗಳಲ್ಲಿ ಇರುವ ನೀಲಿ ಡ್ರಮ್ಮುಗಳು ಏನಕ್ಕೆ ಬಳಸಿದವು? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಕಲಸಲು. ಆ ಔಷಧಿಯಾದ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಮೀನಿಗೆ ತಾಮ್ರ ಕಡು ವಿಷ. ಅದರಲ್ಲೂ ಮಲೆನಾಡಿನ ಮೆದು ನೀರಿನಲ್ಲಿ, ಅಂದರೆ ಸುಣ್ಣದಂಶ ಕಡಿಮೆ ಇರುವ ನೀರಿನಲ್ಲಿ, ಅದರ ಕಾಟ ಇನ್ನೂ ಜಾಸ್ತಿ. ನಾನು ಮೊದಲ ವರ್ಷ ತಂದ ಮರಿ ಇಡಿಯಾಗಿ ಹೋದದ್ದು ಇಂಥದೇ ಡ್ರಮ್ಮಿನಲ್ಲಿ. ಮೂರು ಸಲ ತೊಳೆದಿದ್ದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದಾಗ ತಳದ ಅಂಚಿನಲ್ಲಿ ಉಗುರಿನಷ್ಟು ಅಗಲದ ತಿಳಿ ನೀಲಿ ಪಟ್ಟಿ ಇನ್ನೂ ಹಾಗೇ ಅಂಟಿಕೊಂಡಿತ್ತು.

ಮೀನಿಗೆ ಅಂತಲೇ ಬೇರೆ ಪಾತ್ರೆ ಇಡಿ. ಬಣ್ಣ ಬಳಿದು ಗುರುತು ಮಾಡಿ. ಇನ್ನೊಂದು ವಿಷಯ. ಕೊಳೆ ಔಷಧಿ ಹೊಡೆಯುವ ಕಾಲವೂ ಮೀನುಮರಿ ಸಿಗುವ ಕಾಲವೂ ಒಂದೇ, ಜೂನ್‌ನಿಂದ ಆಚೆಗೆ. ತೋಟದ ನೀರು ಹರಿದು ಹೊಂಡಕ್ಕೆ ಬರುವ ಹಾಗಿದ್ದರೆ ಮೊದಲು ಆ ಕಾಲುವೆ ತಿರುಗಿಸಿ, ಆಮೇಲೆ ಮರಿ ತನ್ನಿ.

ಹಂತ 2: ಹಿಂದಿನ ದಿನವೇ ಮೇವು ನಿಲ್ಲಿಸಿ

ಬೆರಳುದ್ದದ ಮರಿಗೂ ಬೆಳೆದ ಮೀನಿಗೂ ಹೊರಡುವ 24 ಗಂಟೆ ಮೊದಲು ಮೇವು ಕೊಡಬಾರದು. ಮರಿ ಕೇಂದ್ರದವರು ಮರಿಗಳನ್ನು ಹಿಂದಿನ ದಿನವೇ ಹಿಡಿದು ಹಾಪಾದಲ್ಲೋ ಸಿಮೆಂಟ್ ತೊಟ್ಟಿಯಲ್ಲೋ ಇಡುತ್ತಾರೆ. ಇದಕ್ಕೆ ಹದ ಮಾಡುವುದು ಅನ್ನುತ್ತಾರೆ. ಹೊಟ್ಟೆ ಖಾಲಿಯಾಗುತ್ತದೆ, ಇಕ್ಕಟ್ಟಿಗೆ ಒಗ್ಗಿಕೊಳ್ಳುತ್ತವೆ, ಪೆಟ್ಟಾದವು ಅಲ್ಲೇ ಸತ್ತು ಬೇರೆಯಾಗುತ್ತವೆ. ಆಗಷ್ಟೇ ಬಲೆ ಎಳೆದು ತೆಗೆದ ಮರಿ ತುಂಬಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಒಂದು ದಿನ ಕಾಯಿರಿ.

ಬೆಳೆದ ಮೀನಿನ ವಿಷಯದಲ್ಲಿ ಇಲ್ಲಿಯೇ ಮನಸ್ಸು ಹಿಂದೆಮುಂದೆ ನೋಡುವುದು. ಉಪವಾಸ ಹಾಕಿದರೆ ತೂಕ ಇಳಿಯುತ್ತದೆ, ನಿಜ. ಆದರೆ ನೀವು ಉಳಿಸಲು ನೋಡುವ ಆ ತೂಕ ಹೊಟ್ಟೆಯೊಳಗಿನ ಮೇವಿನದು. ಅದೇ ಮೇವು ಟ್ಯಾಂಕಿನಲ್ಲಿ ಅಮೋನಿಯಾ ಆಗಿ ಮೀನು ಕೊಲ್ಲುತ್ತದೆ.

ಹಂತ 3: ನೀರು ಆರಿಸುವುದು

ಮರಿ ಇದ್ದ ತೊಟ್ಟಿಯ ನೀರು ತಿಳಿಯಾಗಿದ್ದರೆ ಅದೇ ಒಳ್ಳೆಯದು. ಬೋರ್‌ವೆಲ್ ನೀರು ನೋಡಲು ಶುದ್ಧ. ಆದರೆ ನೆಲದೊಳಗಿಂದ ಬಂದ ನೀರಿನಲ್ಲಿ ಆಕ್ಸಿಜನ್ ಇರುವುದೇ ಕಡಿಮೆ. ಅದನ್ನು ಬಳಸುವುದಾದರೆ ಮುನ್ನಾದಿನವೇ ತುಂಬಿ, ರಾತ್ರಿಯಿಡೀ ಗಾಳಿ ಪಂಪು ಬಿಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರು ಸುಡುತ್ತದೆ. ಅದನ್ನು ಬಿಟ್ಟುಬಿಡುವುದೇ ಲೇಸು.

ಲೀಟರಿಗೆ 2ರಿಂದ 3 ಗ್ರಾಂ ಕಲ್ಲುಪ್ಪು ಕರಗಿಸಿ. ಬಲೆಗೆ ಸಿಕ್ಕು ಒದ್ದಾಡಿದ ಮೀನು ಮೈಯ ಉಪ್ಪು ಕಳೆದುಕೊಳ್ಳುತ್ತದೆ. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೆ ಆ ನಷ್ಟ ಕಡಿಮೆಯಾಗಿ ಮೀನು ಬೇಗ ಚೇತರಿಸಿಕೊಳ್ಳುತ್ತದೆ. 400 ಲೀಟರಿಗೆ ಬೇಕಾಗುವುದು ಸುಮಾರು ಒಂದು ಕೆ.ಜಿ. ಉಪ್ಪು. ಇಡೀ ಸಾಗಣೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವುದು ಬೇರೇನೂ ಇಲ್ಲ. ಮೀನಿಗೆ ಮಂಪರು ಬರಿಸುವ ಔಷಧಿ, ಫಾರ್ಮಾಲಿನ್ ಇತ್ಯಾದಿ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜನ ತಿನ್ನುವ ಮೀನು.

ಹಂತ 4: ಚೀಲ ತುಂಬುವುದು

18 ಲೀಟರ್ ಹಿಡಿಯುವ ಚೀಲದಲ್ಲಿ ಮೂರನೇ ಒಂದು ಭಾಗ, ಅಂದರೆ ಆರು ಲೀಟರ್, ನೀರು. ಉಳಿದ ಎರಡು ಭಾಗ ಆಕ್ಸಿಜನ್. ಒಂದರೊಳಗೆ ಒಂದು ಎರಡು ಚೀಲ ಹಾಕಿ. ಕೆಳಗಿನ ಎರಡು ಮೂಲೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇಲ್ಲದಿದ್ದರೆ ಸಣ್ಣ ಮರಿಗಳು ಮೂಲೆಗೆ ಸಿಕ್ಕಿಕೊಂಡು ಸಾಯುತ್ತವೆ. ನೀರು, ಮರಿ ಹಾಕಿದ ಮೇಲೆ ಚೀಲ ಹಿಚುಕಿ ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ತೆಗೆಯಿರಿ. ಆಮೇಲೆ ಆಕ್ಸಿಜನ್ ಬಿಡಿ. ಗಾಳಿ ಹಾಗೇ ಇಟ್ಟು ಮೇಲೆ ಆಕ್ಸಿಜನ್ ತುಂಬುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಗಾಳಿಯಲ್ಲಿ ಐದನೇ ಒಂದು ಭಾಗ ಮಾತ್ರ ಆಕ್ಸಿಜನ್ ಇರುವುದು, ಅಲ್ವಾ? ದುಡ್ಡು ಕೊಟ್ಟದ್ದಕ್ಕೆ ಅರ್ಧ ಫಲ.

ಒಂದು ಚೀಲಕ್ಕೆ ಎಷ್ಟು ಮರಿ? 12 ಗಂಟೆಯ ದಾರಿಗೆ ಬಹಳ ಕಾಲದಿಂದ ನಡೆದು ಬಂದ ಅಂದಾಜು ಹೀಗಿದೆ. 2 ಸೆಂ.ಮೀ. ಮರಿ ಸಾವಿರ, 3 ಸೆಂ.ಮೀ. ಮರಿ 500, 5 ಸೆಂ.ಮೀ. ಮರಿ 250, 8 ಸೆಂ.ಮೀ. ಮರಿ ಬರೀ 40. ಮೂರ್ನಾಲ್ಕು ಗಂಟೆಯ ದಾರಿಗೆ ಇದರ ಒಂದೂವರೆ ಪಟ್ಟು ತುಂಬಬಹುದು. ಮೊದಲ ಸಲ ಆ ಆಸೆ ಬೇಡ.

ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. 5 ಸೆಂ.ಮೀ.ನ 2,000 ಮರಿಗೆ ಎಂಟು ಚೀಲ ಸಾಕಿತ್ತು. 8 ಸೆಂ.ಮೀ.ಗೆ 50 ಚೀಲ ಬೇಕು. ಚೀಲಕ್ಕೇ 3,000 ರೂಪಾಯಿ ಹೋಯಿತು, ಐವತ್ತು ಚೀಲ ಇಡಲು ದೊಡ್ಡ ಗಾಡಿಯೂ ಬೇಕು. ದೊಡ್ಡ ಮರಿಗೆ ಚೀಲ ಕಟ್ಟುವುದು ಲೆಕ್ಕಕ್ಕೆ ಬರುವುದಿಲ್ಲ. ಆ ಗಾತ್ರದ ಮರಿ ಏಳೆಂಟು ಗ್ರಾಂ ತೂಗುತ್ತದೆ, 2,000 ಮರಿ ಅಂದರೆ ಸುಮಾರು 15 ಕೆ.ಜಿ. ಆಕ್ಸಿಜನ್ ಬಿಟ್ಟ 250 ಲೀಟರ್ ಟ್ಯಾಂಕಿನಲ್ಲಿ ಆರಾಮಾಗಿ ಬರುತ್ತವೆ. ನೆರೆಹೊರೆಯ ಇಬ್ಬರು ಮೂವರು ಸೇರಿ ಒಂದೇ ದಿನ ತಂದರೆ ಬಾಡಿಗೆಯೂ ಹಂಚಿಹೋಗುತ್ತದೆ.

ಚೀಲದ ಕುತ್ತಿಗೆ ತಿರುಚಿ, ಮಡಚಿ, ಬಿಗಿಯಾಗಿ ಕಟ್ಟಿ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಡೊಳ್ಳಿನ ಹಾಗೆ ಬಿಗಿಯಬಾರದು. ಕರಾವಳಿ ಕಡೆಯಿಂದ ಘಟ್ಟ ಹತ್ತಿಸಿ ತರುವವರು ಇದನ್ನು ನೆನಪಿಡಿ, ಮೇಲೆ ಬಂದ ಹಾಗೆ ಗಾಳಿಯ ಒತ್ತಡ ಇಳಿದು ಚೀಲ ಇನ್ನೂ ಉಬ್ಬುತ್ತದೆ.

ಎಣಿಕೆಯನ್ನೂ ಅಲ್ಲೇ ನೋಡಿಕೊಳ್ಳಿ. ಮರಿಗಳನ್ನು ಜರಡಿ ಬಟ್ಟಲಿನಲ್ಲಿ ಅಳೆದು ಕೊಡುವುದು ರೂಢಿ. ಒಂದು ಬಟ್ಟಲಿನಷ್ಟನ್ನು ನಿಮ್ಮೆದುರು ಎಣಿಸಲು ಹೇಳಿ. ಮರಿ ಕಡಿಮೆ ಬಂದದ್ದೋ ದಾರಿಯಲ್ಲಿ ಸತ್ತದ್ದೋ ಗೊತ್ತಾಗದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 5: ದಾರಿ

ಭದ್ರಾ ಅಣೆಕಟ್ಟಿನ ಹತ್ತಿರದ ಬಿ.ಆರ್.ಪ್ರಾಜೆಕ್ಟಿನ ಮರಿ ಕೇಂದ್ರದಿಂದ ಶಿವಮೊಗ್ಗಕ್ಕೆ ಸುಮಾರು 28 ಕಿ.ಮೀ. ಅಲ್ಲಿಂದ ತೀರ್ಥಹಳ್ಳಿಗೆ 60, ಸಾಗರಕ್ಕೆ 70ರ ಆಸುಪಾಸು. ಒಳಗಿನ ಹಳ್ಳಿ ತಲುಪಲು ಮೂರು ಗಂಟೆ ಹಿಡಿಯಿರಿ. ನಸುಕಿನಲ್ಲಿ ತುಂಬಿಸಿ ಹೊರಟರೆ ಬಿಸಿಲೇರುವ ಮೊದಲು ಮನೆ ಸೇರಬಹುದು. ಚೀಲಗಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ. ನಿಲ್ಲಿಸಿದ್ದಕ್ಕಿಂತ ಮಲಗಿಸಿದ ಚೀಲದಲ್ಲಿ ನೀರಿನ ಮೈ ಅಗಲವಾಗಿ ಆಕ್ಸಿಜನ್‌ಗೆ ತಾಗುತ್ತದೆ. ಬಿಸಿಲಿದ್ದರೆ ಪೆಟ್ಟಿಗೆಗಳ ನಡುವೆ ಮಂಜುಗಡ್ಡೆ ಕಟ್ಟಿಸಿದ ನೀರಿನ ಬಾಟಲಿ ಇಡಿ. ನೀರು ಮೂರ್ನಾಲ್ಕು ಡಿಗ್ರಿ ಇಳಿದರೆ ಸಾಕು. ಅದಕ್ಕಿಂತ ತಣ್ಣಗಾದರೆ ಹೊಂಡಕ್ಕೆ ಬಿಡುವಾಗ ಪೆಟ್ಟು ಬೀಳುತ್ತದೆ.

ಇನ್ನೂ ತೆರೆದ ಡ್ರಮ್ಮಿನಲ್ಲೇ ತರುವವರು ಇದ್ದೀರಿ. ನಿಮಗೊಂದು ಮಾತು. ಗಾಡಿ ಓಡುವಾಗ ನೀರು ತುಳುಕಿ ಗಾಳಿ ಸೇರುತ್ತಿರುತ್ತದೆ. ಮಂಡಗದ್ದೆಯಲ್ಲಿ ಚಹಾಕ್ಕೆ ಅಂತ ಹದಿನೈದು ನಿಮಿಷ ನಿಂತರೆ ಅದೂ ನಿಂತಿತು. ಇಳಿಯಲೇಬೇಕಾದರೆ ಒಬ್ಬರು ಡ್ರಮ್ಮಿನ ಹತ್ತಿರವೇ ಇದ್ದು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹೊಯ್ಯುತ್ತಿರಬೇಕು.

ಹಂತ 6: ಬೆಳೆದ ಮೀನು — ಯಾವುದನ್ನು ಜೀವಂತ ಒಯ್ಯಬೇಕು?

ಎಲ್ಲವನ್ನೂ ಅಲ್ಲ. ಕಾಟ್ಲಾ ಮತ್ತು ಬೆಳ್ಳಿಗೆಂಡೆ ಬಲೆಗೆ ಬಿದ್ದ ಕೂಡಲೇ ಸೋಲುವ ಮೀನುಗಳು. ಅವನ್ನು ಐಸಿನಲ್ಲೇ ಕಳಿಸಿ, ಜೀವಂತ ಒಯ್ಯುವ ಆಸೆ ಬಿಡಿ. ರೋಹು ಪರವಾಗಿಲ್ಲ, ಆದರೆ ಹುಷಾರಾಗಿ ಹಿಡಿಯಬೇಕು. ಸಾಮಾನ್ಯ ಗೆಂಡೆ ಗಟ್ಟಿ ಮೀನು. ತಿಲಾಪಿಯಾ, ಪಂಗಾಸಿಯಸ್ ಕೂಡ ತಡೆಯುತ್ತವೆ. ಕೊರವ ಮೀನು ಇವೆಲ್ಲಕ್ಕಿಂತ ಬೇರೆ, ಅದು ನೇರ ಗಾಳಿಯನ್ನೇ ಉಸಿರಾಡುತ್ತದೆ. ಮೈ ನೆನೆಯುವಷ್ಟು ನೀರು, ಮೇಲೆ ಖಾಲಿ ಜಾಗ, ಜಿಗಿಯದ ಹಾಗೆ ಬಲೆ ಮುಚ್ಚಳ ಇದ್ದರೆ ಸಿಲಿಂಡರ್ ಇಲ್ಲದೆಯೇ ಬರುತ್ತದೆ. ಜೀವಂತ ಮಾರಲು ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮೀನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಫ್ರಿಕನ್ ಮಾಗೂರನ್ನೂ ಹೀಗೇ ಸಾಗಿಸಬಹುದು ಅಂತ ಯಾರೋ ಹೇಳಬಹುದು. ಅದನ್ನು ಸಾಕುವುದಕ್ಕೇ ನಿಷೇಧ ಇದೆ.

ಹಂತ 7: ಟ್ಯಾಂಕು ತುಂಬುವುದು

ಗೆಂಡೆಗೆ ಒಂದು ಕೆ.ಜಿ. ಮೀನಿಗೆ ನಾಲ್ಕು ಲೀಟರ್ ನೀರು. ಇದು ಆಕ್ಸಿಜನ್ ಸಿಲಿಂಡರ್ ಇದ್ದಾಗಿನ ಮಾತು. ಬರೀ ಗಾಳಿ ಪಂಪು ಆದರೆ ಕೆ.ಜಿ.ಗೆ ಹತ್ತು ಲೀಟರಾದರೂ ಬೇಕು. ಖರ್ಚಿನ ಗುಟ್ಟು ಇರುವುದು ಇಲ್ಲೇ. ಮುಕ್ಕಾಲು ಟನ್ ಹೊರುವ ಚಿಕ್ಕ ಗಾಡಿಯಲ್ಲಿ 400 ಕೆ.ಜಿ. ನೀರು, 100 ಕೆ.ಜಿ. ಮೀನು, ಟ್ಯಾಂಕು, ಸಿಲಿಂಡರ್, ಇಬ್ಬರು ಜನ ಸೇರಿದರೆ ಭಾರ ತುಂಬಿತು. ಅದೇ 400 ಲೀಟರಿನಲ್ಲಿ ಬರೀ ಗಾಳಿ ಪಂಪಿನಿಂದ ಬದುಕುವುದು 40 ಕೆ.ಜಿ. ಬಾಡಿಗೆ ಎರಡಕ್ಕೂ ಒಂದೇ. ಸಿಲಿಂಡರ್ ಇಲ್ಲದೆ ಹೋದರೆ ನೀವು ಬಾಡಿಗೆ ಕೊಡುವುದು ಮೀನು ಹೊರಲು ಅಲ್ಲ, ನೀರು ಹೊರಲು.

ಎಷ್ಟು ಆಕ್ಸಿಜನ್ ಬಿಡಬೇಕು? ಮೇಲೆ ಹೇಳಿದ ಹಾಗೆ ಗಂಟೆಗೆ 40 ಗ್ರಾಂ ಬೇಕು. ಒಂದು ಲೀಟರ್ ಆಕ್ಸಿಜನ್ ಸುಮಾರು 1.3 ಗ್ರಾಂ ತೂಗುತ್ತದೆ. ಆದರೆ ಗುಳ್ಳೆಯಾಗಿ ಬಿಟ್ಟದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಕರಗಿದರೆ ಹೆಚ್ಚು, ಉಳಿದದ್ದು ಮೇಲೆ ಬಂದು ಹಾರಿಹೋಗುತ್ತದೆ. ಹಾಗಾಗಿ ಗಂಟೆಗೆ 300 ಲೀಟರ್, ಅಂದರೆ ನಿಮಿಷಕ್ಕೆ 5 ಲೀಟರ್ ಬಿಡಿ. ನಾಲ್ಕು ಗಂಟೆಗೆ 1,200 ಲೀಟರ್. ದೊಡ್ಡ ಸಿಲಿಂಡರ್ ಐದು ಟ್ರಿಪ್ಪಿಗೆ ಬರುತ್ತದೆ. ಗುಳ್ಳೆ ಸಣ್ಣದಾದಷ್ಟೂ ಉಳಿತಾಯ, ಹಾಗಾಗಿ ಪೈಪಿಗೆ ಜಿಪುಣತನ ಮಾಡಬೇಡಿ.

ಮೀನು ಹಾಕುವ ಕಾಲು ಗಂಟೆ ಮೊದಲೇ ಆಕ್ಸಿಜನ್ ಶುರುಮಾಡಿ. ಮೊದಲ ಅರ್ಧ ಗಂಟೆಯಲ್ಲಿ ಮೀನು ಹೆದರಿ ಹೆಚ್ಚು ಎಳೆಯುತ್ತದೆ. ಗಾಳಿ ಪಂಪನ್ನೂ ಜೊತೆಗೆ ಓಡಿಸಿ. ಎರಡೂ ಯಾಕೆ ಅಂತ ಕೇಳಬಹುದು. ಆಕ್ಸಿಜನ್ ಉಸಿರು ಕೊಡುತ್ತದೆ, ಗಾಳಿಯ ಗುಳ್ಳೆ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹೊತ್ತೊಯ್ಯುತ್ತದೆ. ಇದೇ ಕಾರಣಕ್ಕೆ ಟ್ಯಾಂಕಿನ ಮುಚ್ಚಳ ಗಾಳಿಯಾಡದ ಹಾಗೆ ಬಿಗಿಯಬಾರದು, ಒಂದು ಕಿಂಡಿ ಇರಲಿ. ಆಕ್ಸಿಜನ್ ಗುಳುಗುಳು ಬರುತ್ತಿದ್ದರೂ ಮೀನು ಮಂಕಾಗಿ ಮಗ್ಗುಲಿಗೆ ವಾಲುತ್ತಿದೆ ಅಂದರೆ ಮುಚ್ಚಳ ತೆಗೆದು ನೋಡಿ, ಹೆಚ್ಚಿನ ಸಲ ಸಮಸ್ಯೆ ಅದೇ.

ನೀರನ್ನು ಮುಕ್ಕಾಲು ತುಂಬಿಸಿ ಬಿಟ್ಟರೆ ನಮ್ಮ ತಿರುವು ರಸ್ತೆಗಳಲ್ಲಿ ನೀರು ಅತ್ತಿತ್ತ ಬಡಿದು ಮೀನಿನ ಹುರುಪೆ ಉದುರುತ್ತದೆ. ಗಾಡಿಯೂ ಒಲೆದಾಡುತ್ತದೆ. ಮೀನು ಸೇರಿ ಕುತ್ತಿಗೆವರೆಗೆ ತುಂಬುವಂಥ ಟ್ಯಾಂಕು ಆರಿಸಿ, ಇಲ್ಲವಾದರೆ ನಡುವೆ ರಂಧ್ರದ ಅಡ್ಡಹಲಗೆ ಹಾಕಿಸಿ.

ಸಿಲಿಂಡರ್ ಬಗ್ಗೆ ಎಚ್ಚರಿಕೆ, ದಯವಿಟ್ಟು ಓದಿ: ರೆಗ್ಯುಲೇಟರಿಗೆ, ನಟ್ಟಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ, ಆಕ್ಸಿಜನ್ ಜೊತೆ ಎಣ್ಣೆ ಸೇರಿದರೆ ಬೆಂಕಿ ಹತ್ತುತ್ತದೆ. ಹತ್ತಿರ ಬೀಡಿ ಹಚ್ಚಬೇಡಿ. ಸಿಲಿಂಡರನ್ನು ಎರಡು ಕಡೆ ಬಿಗಿದು ಕಟ್ಟಿ.

ಹಂತ 8: ಅಸಲು ಹುಟ್ಟುತ್ತಾ?

ಈಗ 100 ಕೆ.ಜಿ.ಯ ಲೆಕ್ಕ. ಮತ್ತೆ ಹೇಳುತ್ತೇನೆ, ದರಗಳು ಉದಾಹರಣೆಗೆ. ಐಸಿನ ಮೀನಿಗೆ 150, ಜೀವಂತಕ್ಕೆ 200, ಟ್ಯಾಂಕಿನಲ್ಲಿ ಸತ್ತದ್ದಕ್ಕೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಐಸಿನಲ್ಲಿ ಕಳಿಸಿದರೆ 15,000 ಬರುತ್ತದೆ. ಜೀವಂತ ಒಯ್ದರೆ ಉಪವಾಸದಲ್ಲಿ 3 ಕೆ.ಜಿ. ಇಳಿಯಿತು, 5 ಕೆ.ಜಿ. ಸತ್ತಿತು. 92 ಕೆ.ಜಿ.ಗೆ 18,400, ಸತ್ತದ್ದಕ್ಕೆ 500, ಒಟ್ಟು 18,900. ಮೇಲ್ನೋಟಕ್ಕೆ 3,900 ಹೆಚ್ಚು.

ಹೆಚ್ಚುವರಿ ಖರ್ಚು ಕಳೆಯಿರಿ. ದೊಡ್ಡ ಗಾಡಿಗೆ 1,300 ಜಾಸ್ತಿ. ಉಪಕರಣಕ್ಕೆ 25,000 ಹಾಕಿ ನೂರು ಟ್ರಿಪ್ಪಿಗೆ ಹಂಚಿದರೆ 250. ಆಕ್ಸಿಜನ್, ಉಪ್ಪಿಗೆ 150. ಐಸಿನ 200 ಉಳಿಯಿತು. ಒಟ್ಟು 1,500. ಕೈಯಲ್ಲಿ ಉಳಿದದ್ದು 2,400 ರೂಪಾಯಿ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಕೆ.ಜಿ.ಗೆ 39 ರೂಪಾಯಿ ಹೆಚ್ಚು ಬರುವಾಗ 1,500 ಖರ್ಚು ಹುಟ್ಟಬೇಕಾದರೆ 39 ಕೆ.ಜಿ.ಯಾದರೂ ಮೀನು ಇರಬೇಕು. ಇಪ್ಪತ್ತು ಕೆ.ಜಿ. ಮೀನಿಗೆ ಸಿಲಿಂಡರ್ ಕಟ್ಟಿಕೊಂಡು ಹೊರಡಬೇಡಿ. ಹೊಂಡದ ದಡದಲ್ಲೇ ಊರವರಿಗೆ ಮಾರಿ. ಎರಡು, 5ರ ಬದಲು 30 ಕೆ.ಜಿ. ಸತ್ತರೆ ಬರುವುದು 16,400. ಖರ್ಚು ಕಳೆದರೆ ಐಸಿನ ಮೀನಿಗಿಂತ 100 ರೂಪಾಯಿ ಕಡಿಮೆಯೇ! ಅಂದರೆ ಉಪಕರಣ ಇದ್ದರೆ ಸಾಲದು, ಉಪವಾಸ ಮತ್ತು ಭಾರದ ಮಿತಿ ಎರಡನ್ನೂ ಪಾಲಿಸಿದರಷ್ಟೇ ಲಾಭ.

ವರ್ಷಕ್ಕೆ ನಾಲ್ಕೈದು ಟ್ರಿಪ್ ಮಾತ್ರ ಇರುವವರು ಟ್ಯಾಂಕು ಕೊಳ್ಳಬೇಡಿ. ನೂರು ಟ್ರಿಪ್ ಮುಗಿಯಲು ಇಪ್ಪತ್ತು ವರ್ಷ ಬೇಕು. ಹತ್ತು ಹೊಂಡದವರು ಸೇರಿ ಒಂದು ಕೊಂಡರೆ ಸರಿಹೋಗುತ್ತದೆ. ಜೀವಂತ ಮೀನು ಮಾರಾಟ ಕೇಂದ್ರಕ್ಕೆ 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಹಾಯಧನ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಘಟಕದ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60. ಕೊಳ್ಳುವ ಮೊದಲೇ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಈ ವರ್ಷದ ಸ್ಥಿತಿ ವಿಚಾರಿಸಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಹಂತ 9: ಹೊಂಡಕ್ಕೆ ಬಿಡುವುದು

ಮರಿ ತಂದವರಿಗೆ ಇದು ಕೊನೆಯ ಹಂತ. ಹೆಚ್ಚು ಮರಿ ಸಾಯುವುದೂ ಇಲ್ಲೇ ಮಾಡುವ ತಪ್ಪಿನಿಂದ. ಚೀಲ ಕಟ್ಟಿದ ಹಾಗೇ ನೆರಳಿನಲ್ಲಿ ಹೊಂಡದ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಡಿ. ಒಳಗಿನ, ಹೊರಗಿನ ಬಿಸಿ ಒಂದಾಗಲಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಚೊಂಬು ಚೊಂಬಾಗಿ ಸೇರಿಸುತ್ತಾ ಹೋಗಿ. ನಮ್ಮ ಜಂಬಿಟ್ಟಿಗೆ ನೆಲದ ಹೊಂಡಗಳ ನೀರು ಹುಳಿ ಗುಣದ್ದು, ಮರಿ ಕೇಂದ್ರದ ನೀರಿಗೂ ಅದಕ್ಕೂ ವ್ಯತ್ಯಾಸ ಇರುತ್ತದೆ. ಕಾಲು ಗಂಟೆ ಬೇಕು. ಅವಸರ ಬೇಡ.

ಬಾಯಿ ಬಿಚ್ಚಿದ ಚೀಲಕ್ಕೆ ಗಾಳಿ ಪಂಪು ಹಾಕಿ ತುಂಬಾ ಹೊತ್ತು ಇಡುವವರಿದ್ದಾರೆ. ಅದು ತಪ್ಪು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಹುಳಿಯಾಗಿರುತ್ತದೆ, ಆಗ ಅಮೋನಿಯಾದ ವಿಷ ಅಡಗಿರುತ್ತದೆ. ಗಾಳಿ ಹಾಯಿಸಿದರೆ ಹುಳಿ ಹೋಗಿ, ಅಡಗಿದ ವಿಷ ಎದ್ದುಬಿಡುತ್ತದೆ. ಹೊಂಡದ ನೀರು ಸೇರಿಸಿ, ಚೀಲ ಓರೆ ಮಾಡಿ, ಮರಿ ತಾವಾಗಿಯೇ ಈಜಿ ಹೋಗಲು ಬಿಡಿ.

ಎಲ್ಲವನ್ನೂ ಹೊಂಡಕ್ಕೆ ಬಿಡಬೇಡಿ. ನೂರು ಮರಿ ಎಣಿಸಿ, ಅದೇ ಹೊಂಡದಲ್ಲಿ ಕಟ್ಟಿದ ಹಾಪಾದಲ್ಲಿ ಹಾಕಿ. ಸಣ್ಣ ಮರಿ ಸತ್ತ ಕೂಡಲೇ ತೇಲುವುದಿಲ್ಲ. ಮೊದಲು ತಳ ಸೇರುತ್ತದೆ, ಒಂದೆರಡು ದಿನ ಬಿಟ್ಟು ಉಬ್ಬಿ ಮೇಲೆ ಬರುತ್ತದೆ, ಎಷ್ಟೋ ಬರುವುದೇ ಇಲ್ಲ. ಹಾಗಾಗಿ ದಡದಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಹಾಪಾ ನಿಧಾನವಾಗಿ ಎತ್ತಿ, ಬದುಕಿದವನ್ನು ಎಣಿಸಿ. ತಂದ ದಿನ, ಮರಿಯ ಉದ್ದ, ಚೀಲಕ್ಕೆ ಎಷ್ಟು ತುಂಬಿದ್ದರು, ಎಷ್ಟು ಗಂಟೆ ದಾರಿ, ನೂರರಲ್ಲಿ ಎಷ್ಟು ಉಳಿದವು ಅಂತ ಒಂದು ಸಾಲು ಬರೆದಿಡಿ. ಮುಂದಿನ ಸಲ ಪ್ರಶ್ನೆ ಕೇಳುವಾಗ ಆ ಸಾಲನ್ನೇ ಕಳಿಸಿದರೆ, ಎಲ್ಲಿ ತಪ್ಪಿತು ಅಂತ ಹೇಳುವುದು ನನಗೆ ಸುಲಭ.